ನೀರಿನ ಕಾರ್ಡು ಬಿಡಿಸಾಕ ಬಂದವರು

ನಗುವ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಅವೇ ನಾರಾಯಣಪೇಟೆಯಲ್ಲಿ, ಗದ್ವಾಲದಲ್ಲಿ ಬಸ್ಸು ಹತ್ತಿ, ತೆಲಂಗಾಣ ಗಡಿಯ ನಮ್ಮ ಮಕ್ತಲ್‌ನಲ್ಲಿ ಇಳಿದು, ನನ್ನ ಎದುರಿನ ಕುರ್ಚಿಗೆ ಬಂದು ಕೂಡುತ್ತವೆ. ಎಂಟು ದಿನ ಇಂಥದ್ದೊಂದು ನಡೆಯದಿದ್ದರೆ ನನಗೆ ರೊಟ್ಟಿ ರುಚಿಸುವುದಿಲ್ಲ. ನಾನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಹೇಳುವುದು ನಾನು, ಬರೆಯುವುದು ನನ್ನ ಮಗಳು. ಅವಳು ನಡುನಡುವೆ ಪೆನ್ನು ನಿಲ್ಲಿಸಿ, "ಯಪ್ಪಾ, ಇದು ಖರೇನಾ?" ಅಂತ ಕೇಳುತ್ತಾಳೆ.

"ನೀ ಮೊದಲು ಬರಿ. ಬರದ ಮ್ಯಾಲ ಖರೆ ಆಗ್ತೈತಿ" ಅಂತೀನಿ.

೧. ಕುರ್ಚಿ ಸಿಕ್ಕಿದ್ದು

ನಾನು ಕುರಿ ದಲ್ಲಾಳಿ. ನಾರಾಯಣಪೇಟೆ ಕಡೆಯ ಮದ್ದೂರಿನಿಂದ ಗದ್ವಾಲ ಕಡೆಯ ಐಜದವರೆಗೆ ಯಾವ ಸಂತೆಯಲ್ಲಾದರೂ ಕೇಳಿ ನೋಡಿ. ಬೇರೆ ದಲ್ಲಾಳಿಗಳು ಕುರಿಯ ಬೆನ್ನು ಹಿಸುಕಿ ತೂಕ ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಅದರ ಕೆಮ್ಮು ಕೇಳಿ ಹೇಳುತ್ತಿದ್ದೆ. ಒಂದು ಸಲ ತಕ್ಕಡಿಗೂ ನನಗೂ ಲೆಕ್ಕ ಕೂಡಲಿಲ್ಲ. ತಕ್ಕಡಿ ರಿಪೇರಿಗೆ ಹೋಯಿತು.

ಮೊಣಕಾಲು ಕೈಕೊಟ್ಟ ಮೇಲೆ ಸಂತೆ ಬಿಟ್ಟೆ. ಅಷ್ಟರಲ್ಲಿ ಮಗಳೂ ಅಳಿಯನೂ ಮಕ್ತಲ್‌ನ ರಸ್ತೆ ಬದಿಯಲ್ಲಿ ಫಿಲ್ಟರ್ ನೀರಿನ ಪ್ಲಾಂಟು ಹಾಕಿದ್ದರು. ಅವಳ ಮದುವೆಯಲ್ಲಿ ನಾನು ಕೊಟ್ಟಿದ್ದ ಕುರಿಹಿಂಡನ್ನು ಪೂರ್ತಿ ಮಾರಿ ಹಾಕಿದ ಪ್ಲಾಂಟು ಅದು. ಒಂದು ಮರಿಯನ್ನೂ ಉಳಿಸಿಕೊಳ್ಳಲಿಲ್ಲ. ಪ್ಲಾಂಟು ನಿಂತರೆ ಅವಳು ಕೋಲು ಹಿಡಿದು ಮಂದಿಯ ಕುರಿ ಕಾಯಲು ಹೋಗಬೇಕು. ಅದೊಂದು ಆಗಬಾರದು ಅಂತ ನಾನು ದಿನಾ ಬೀರಪ್ಪನಿಗೆ ಕೈ ಮುಗಿಯುತ್ತಿದ್ದೆ.

ಅಳಿಯನ ತಲೆ ಚುರುಕು. ಅವನು ತಿಂಗಳ ಕಾರ್ಡು ಅಂತ ಒಂದು ಪದ್ಧತಿ ತಂದ. ನೀರಿನ ಆಟೋ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಊರು ಸುತ್ತುತ್ತದೆ. ಅದರ ಹಿಂದೆ ಒಂದು ಚೌಕದ ಚೀಟಿ ಅಂಟಿಸಿದೆ. ಫೋನು ಹಿಡಿದು ಅದನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು, ಬಾಗಿಲಿಗೆ ಕ್ಯಾನು ಬರುತ್ತದೆ. ಮೊದಲನೇ ತಿಂಗಳು ಪುಕ್ಕಟೆ. ಆಮೇಲೆ ನೀವು ಸುಮ್ಮನಿದ್ದರೆ ಹೂಂ ಅಂದ ಹಾಗೆ. ತಿಂಗಳು ತಿಂಗಳು ಫೋನಿನಿಂದ ದುಡ್ಡು ತಾನೇ ಕಡಿತವಾಗುತ್ತದೆ.

"ಬ್ಯಾಡಾದ್ರ ಬಿಡೋದು ಹೆಂಗ?" ಅಂತ ಕೇಳಿದೆ.

"ಕಾರ್ಡು ಯಾರ ಹೆಸರಿಲೆ ಐತೋ ಅವರ ಮಕ್ತಲ್‌ಗೆ ಬಂದು ಮ್ಯಾನೇಜರ್‌ನ ಕಾಣಬೇಕು."

"ಮ್ಯಾನೇಜರ್ ಯಾರು?"

"ನೀವ ಮಾವಾರ."

"ನಾ ಏನು ಮಾಡ್ಲಿ?"

"ಏನೂ ಬ್ಯಾಡ. ಬಂದವರ ಜೋಡಿ ಮಾತಾಡ್ರಿ, ಸಾಕು."

ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮ ಕುರಿಸಂತೆಯ ರಿವಾಜು ಹಾಗೇ ಇದೆ. ಕೊಳ್ಳುವವನು ಟವೆಲ್ಲು ಝಾಡಿಸಿ ಎದ್ದು ಹೊರಟನೆಂದರೆ ಬೇಡ ಅಂತ ಅರ್ಥವಲ್ಲ, ವ್ಯಾಪಾರ ಈಗ ಶುರುವಾಯಿತು ಅಂತ ಅರ್ಥ. ಹಿಂದಿನಿಂದ ಕೂಗಿ, ಕೈ ಹಿಡಿದು, ಕೂಡಿಸಿ, ಬೀಡಿ ಕೊಟ್ಟು ಮಾತಾಡಿಸಬೇಕು. ಕೂಗದಿದ್ದರೆ ಅವಮಾನ. ಕೆ.ಟಿ. ದೊಡ್ಡಿಯ ಗೌಡನೊಬ್ಬನನ್ನು ನಾನು ಒಮ್ಮೆ ನೆಗಡಿಯಾಗಿ ಗಂಟಲು ಕಟ್ಟಿದ್ದರಿಂದ ಕೂಗಲಿಲ್ಲ. ಆತ ತನ್ನ ಮಗನ ಮದುವೆಗೆ ಊರಿನ ನಾಯಿಗಳಿಗೂ ಊಟ ಹಾಕಿಸಿದ, ನನ್ನನ್ನು ಮಾತ್ರ ಕರೆಯಲಿಲ್ಲ. ಹೀಗಾಗಿ 'ಬಂದ್ ಮಾಡ್ರಿ' ಅಂತ ಯಾರಾದರೂ ಬಂದರೆ ನನ್ನ ಕಿವಿಗೆ ಅದು 'ಮಾತಾಡಿಸ್ರಿ' ಅಂತಲೇ ಕೇಳುತ್ತಿತ್ತು.

ಅಳಿಯ ನನಗೊಂದು ಕುರ್ಚಿ ಕೊಟ್ಟು, ತಲೆಯ ಮೇಲಿನ ಗೋಡೆಗೆ ಒಂದು ಬೋರ್ಡು ಹಾಕಿಸಿದ. ಅದರಲ್ಲಿ ಏನು ಬರೆದಿದೆಯೋ ನನಗೆ ಓದಲು ಬರುವುದಿಲ್ಲ. ಬಂದವರೆಲ್ಲ ಬೋರ್ಡು ನೋಡಿ, ನನ್ನ ಧೋತರ ನೋಡಿ, ಮತ್ತೊಮ್ಮೆ ಬೋರ್ಡು ನೋಡುತ್ತಿದ್ದರು. ಒಳ್ಳೆಯದೇ ಬರೆದಿರಬೇಕು.

೨. ಮಾಸ್ತರರು ಮತ್ತು ಗಾಳಿ

ಮೊದಲು ಬಂದವರು ನಾರಾಯಣಪೇಟೆಯ ಒಬ್ಬ ವಿಜ್ಞಾನದ ಮಾಸ್ತರರು. ನಿಂತಲ್ಲೇ ಹೇಳಿದರು: "ನನ್ನ ಕಾರ್ಡು ಬಂದ್ ಮಾಡ್ರಿ. ಮನ್ಯಾಗ ನಾವು ಗಂಡ ಹೆಂಡ್ತಿ ಇಬ್ಬರ ಅದೀವಿ. ಇಷ್ಟು ನೀರು ಕುಡದ್ರ ಮೀನಾಗ್ತೀವಿ."

"ಆಗ್ಲಿ ಮಾಸ್ತರ, ಕೂಡ್ರಿ. ಹೊರಗ ಗಾಳಿ ಭಾಳ ಐತಿ."

"ಗಾಳಿ ಎಲ್ಲೈತ್ರಿ? ಒಂದು ಎಲಿ ಅಲುಗಾಡವಲ್ದು."

"ಇದೇನು ಗಾಳಿ. ಮದ್ದೂರಿನ ಹೊಲದಾಗ ನಾ ಗಾಳಿ ಕಂಡೀನಿ" ಅಂತ ಶುರು ಮಾಡಿದೆ. ಆ ವರ್ಷ ಎಂಥ ಗಾಳಿ ಬೀಸಿತೆಂದರೆ ನನ್ನ ಕರಿ ಕುರಿಗಳ ಉಣ್ಣೆ ಮೈಬಿಟ್ಟು ಹಾರಿ ಹೋಗಿ ಪಕ್ಕದ ಹೊಲದವನ ಬಿಳಿ ಕುರಿಗಳ ಮೇಲೆ ಕೂತಿತು. ನನ್ನವು ಬೋಳಾಗಿ ನಿಂತವು. ಅವನು ಒಂದೇ ವರ್ಷದಲ್ಲಿ ಎರಡು ಸಲ ಉಣ್ಣೆ ಕತ್ತರಿಸಿದ, ಮೊದಲು ಕರಿದು, ಆಮೇಲೆ ಬಿಳಿದು.

ಮಾಸ್ತರರು ಕುರ್ಚಿಯಲ್ಲಿ ಕೂತರು. "ಉಣ್ಣಿ ಅಂಟಿಕೊಳ್ಳಾಕ ಅಂಟು ಬೇಕಲ್ರಿ?"

"ಹಿಂದಿನ ದಿನ ಮಳಿ ಬಂದಿತ್ತು."

"ಮಳ್ಯಾಗ ನೆನದ ಉಣ್ಣಿ ಭಾರ ಆಗ್ತೈತಿ. ಹಾರಂಗಿಲ್ಲ."

"ನನ್ನ ಕುರಿ ಗಿಡದ ಕೆಳಗ ಇದ್ವು, ನೆನೀಲಿಲ್ಲ. ಅವನವು ಬಯಲಾಗ ಇದ್ವು, ನೆನದ್ವು."

ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಗೀಚಿ ನೋಡಿದರು. ಗಾಳಿಯ ವೇಗ ಅಂದರು, ಕುರಿಯ ಮೈಯ ಅಗಲ ಅಂದರು. ನಾರಾಯಣಪೇಟೆಯ ಬಸ್ಸು ಬಂದು ಹಾರ್ನು ಹೊಡೆದು ಹೋಯಿತು, ಅವರಿಗೆ ಕೇಳಿಸಲಿಲ್ಲ. ಕೊನೆಗೆ, "ಆಗಾಕ ಸಾಧ್ಯ ಐತ್ರಿ, ಆದ್ರ ಭಾಳ ಅಪರೂಪ" ಅಂತ ಒಪ್ಪಿಕೊಂಡು, ಅತ್ತೆಯ ಮನೆಗೂ ಒಂದು ಕಾರ್ಡು ಮಾಡಿಸಿ ಹೋದರು.

ಸಂಜೆ ಅವರ ಫೋನು ಬಂತು. ದನಿ ಸಣ್ಣದಾಗಿತ್ತು. "ಯಜಮಾನ್ರ, ಕಾರ್ಡು ಬಂದ್ ಮಾಡಿಸ್ಕೊಂಡು ಬಂದ್ರೇನು ಅಂತ ಹೆಂಡ್ತಿ ಕೇಳಾಕತ್ಯಾಳ. ಏನು ಹೇಳ್ಲಿ?"

"ಗಾಳಿ ಜೋರಿತ್ತು ಅಂತ ಹೇಳ್ರಿ."

೩. ಸುಮ್ಮನಿದ್ದ ಗಿರಾಕಿ

ಗದ್ವಾಲದ ಹಿರಿಯರೊಬ್ಬರು ನಮ್ಮ ಕಾರ್ಡು ತೆಗೆದುಕೊಂಡಿದ್ದರು. ಜರಿ ಸೀರೆಯ ವ್ಯಾಪಾರಸ್ಥರು, ದೇವರಂಥವರು, ಆದರೆ ನನ್ನ ಮಾತನ್ನು ಒಂದು ದಿನವೂ ಪೂರ್ತಿ ಕೇಳಿದವರಲ್ಲ. ಅವರು ತೀರಿಕೊಂಡರು. ದಿನ ಕರ್ಮ ಮುಗಿಸಿ ಮಗ ಬಂದ.

"ನಮ್ಮಪ್ಪನ ಕಾರ್ಡು ಬಂದ್ ಮಾಡ್ರಿ."

ಅಳಿಯ ಒಳಗಿನಿಂದ, ಫೋನಿನಿಂದ ತಲೆ ಎತ್ತದೆ, ಹೇಳಿದ: "ಕಾರ್ಡು ಯಾರ ಹೆಸರಿಲೆ ಐತೋ ಅವರ ಬರಬೇಕ್ರಿ."

"ಅವರು ತೀರಿಕೊಂಡಾರ್ರಿ."

"ಕಾಯ್ದೆ ಎಲ್ಲಾರಿಗೂ ಒಂದ ರೀ."

ಮಗ ಬಂದ ದಾರಿಗೇ ಹೊರಳಿದ. ಮುಂದಿನ ಸಂತೆಯ ದಿನ ಬಂದವನ ಕಂಕುಳಲ್ಲಿ ದೊಡ್ಡ ಫೋಟೋ ಇತ್ತು. ಹೂವಿನ ಹಾರ, ಗಾಜಿನ ಮೇಲೆ ವಿಭೂತಿ, ಕುಂಕುಮ. ತಂದು ನನ್ನ ಎದುರಿನ ಕುರ್ಚಿಯಲ್ಲಿ ಕೂಡಿಸಿ, ತಾನು ಪಕ್ಕದಲ್ಲಿ ನಿಂತ.

"ಬಂದಾರ್ರಿ."

ಬಂದವರಿಗೆ ಮರ್ಯಾದೆ ಮಾಡಬೇಕಲ್ಲ. ಇಬ್ಬರಿಗೂ ಚಹಾ ತರಿಸಿದೆ. ಮನೆಯ ಕ್ಷೇಮ ಸಮಾಚಾರ ಕೇಳಿದೆ, ಪರಲೋಕದ್ದು ಕೇಳಲಿಲ್ಲ. ಆಮೇಲೆ ಐಜದ ಶೇಂಗಾ ಹೊಲದಲ್ಲಿ ಒಂದೇ ಕಾಯಿಯ ಸಿಪ್ಪೆಯೊಳಗೆ ಮಳೆ ನಿಲ್ಲುವ ತನಕ ಮೂವರು ಕೂಲಿಯವರು ಕೂತಿದ್ದ ಸಂಗತಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಬದುಕಿದ್ದಾಗ ಅರ್ಧಕ್ಕೆ ಎದ್ದು ಹೋಗುತ್ತಿದ್ದವರು ಅವತ್ತು ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಅಂಥ ಗಿರಾಕಿ ನನಗೆ ಮತ್ತೆ ಸಿಕ್ಕಿಲ್ಲ.

ಮಗನ ಚಹಾ ಮುಗಿಯಿತು, ತಂದೆಯದೂ ಅವನೇ ಕುಡಿದ. "ಈಗ ಕೇಳ್ರಿ ಯಜಮಾನ್ರ, ಬಂದ್ ಮಾಡಬೇಕೋ ಬ್ಯಾಡೋ ಅಂತ."

ನಾನು ಫೋಟೋ ಕಡೆ ಬಾಗಿ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. "ಏನೂ ಅನವಲ್ರಲ್ಲಪ್ಪ."

"ಪುಕ್ಕಟೆ ತಿಂಗಳು ಮುಗದಾಗ ನಮ್ಮಪ್ಪ ಏನಂದಿದ್ದ?"

"ಏನೂ ಅಂದಿದ್ದಿಲ್ಲ."

"ಸುಮ್ಮನಿದ್ರ ಹೂಂ ಅಂತ ತಿಳ್ಕೊಂಡು ದುಡ್ಡು ಕಡದ್ರಿ ಹೌದಲ್ರಿ? ಈಗೂ ಸುಮ್ಮನ ಕುಂತಾನ. ಹೂಂ ಅಂತ ತಿಳ್ಕೊಂಡು ಬಂದ್ ಮಾಡ್ರಿ."

ಅಳಿಯ ಎದ್ದು ಬಂದು, ಫೋಟೋಕ್ಕೆ ಕೈ ಮುಗಿದು, ಅಲ್ಲೇ ಬಂದ್ ಮಾಡಿದ. ಮಗ ಫೋಟೋ ಎತ್ತಿಕೊಂಡು ಮೆಟ್ಟಿಲಿಳಿದ. ಎದ್ದು ಹೋಗುವ ಗಿರಾಕಿ, ನಲವತ್ತು ವರ್ಷದ ಅಭ್ಯಾಸ, ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಸಾವ್ಕಾರ್ರ, ಹಂಗ ಹೊಂಟ್ರಲ್ಲ, ತಿರುಗಿ ಬರ್ರಿ" ಅಂತ ಫೋಟೋದೊಳಗಿನವರನ್ನೇ ಹಿಂದಿನಿಂದ ಕೂಗಿದೆ.

ಆ ಹುಡುಗ ಗದ್ವಾಲದ ಬಸ್ಸಿಗೆ ಕಾಯಲಿಲ್ಲ. ಬರುತ್ತಿದ್ದ ಲಾರಿ ಹತ್ತಿ ಹೋದ.

೪. ಎಮ್ಮೆಯ ಫಿಲ್ಟರ್ ನೀರು

ನಾರಾಯಣಪೇಟೆಯ ಒಂದು ಓಣಿಯಲ್ಲಿದ್ದ ಕುಟುಂಬ ರಾಯಚೂರಿಗೆ ಮನೆ ಬದಲಿಸಿತು. ಹೋಗುವ ಮೊದಲು ಅಳಿಯನಿಗೆ ಫೋನು ಮಾಡಿ, "ನಾವು ಹೊಂಟೀವಿ, ನೀರು ಬ್ಯಾಡ" ಅಂದರು. ಅಳಿಯ, "ಮಕ್ತಲ್‌ಗೆ ಬಂದು ಮ್ಯಾನೇಜರ್‌ನ ಕಾಣ್ರಿ" ಅಂದ. ಸಾಮಾನು ಲಾರಿಗೆ ಏರಿಸುವ ಗಡಿಬಿಡಿ, ಹೇಳಿದ್ದೇ ಸಾಕು ಅಂತ ಅವರು ಹೋಗಿಬಿಟ್ಟರು.

ಆಟೋದವನ ಕೆಲಸ ಏನು? ತುಂಬಿದ ಕ್ಯಾನು ಇಡುವುದು, ಖಾಲಿ ಕ್ಯಾನು ಒಯ್ಯುವುದು. ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ನೋಡುವುದು ಅವನ ಕೆಲಸವಲ್ಲ. ಅವನು ಇಡುತ್ತ ಹೋದ. ಮೆಟ್ಟಿಲು ತುಂಬಿತು, ಕಟ್ಟೆ ತುಂಬಿತು, ಕ್ಯಾನಿನ ಸಾಲು ಬೇವಿನ ಗಿಡದ ತನಕ ಬಂತು. ಎದುರು ಮನೆಯವನ ಹತ್ತಿರ ಒಂದು ಎಮ್ಮೆ ಇತ್ತು. ಬೇಸಿಗೆಯಲ್ಲಿ ಒಂದು ದಿನ ಬೋರು ಕೆಟ್ಟಿತು. ಪಾಪ ಅಂತ ಒಂದು ಕ್ಯಾನು ಒಡೆದು ಎಮ್ಮೆಗೆ ಕುಡಿಸಿದ.

ಆಮೇಲೆ ಬೋರು ರಿಪೇರಿಯಾಯಿತು, ಎಮ್ಮೆ ರಿಪೇರಿಯಾಗಲಿಲ್ಲ. ಬೋರಿನ ನೀರು ಮುಂದಿಟ್ಟರೆ ಮುಖ ತಿರುಗಿಸುತ್ತಿತ್ತು. ಬಕೆಟ್ಟಿನಲ್ಲಿ ಸುರಿದರೂ ಮೂಸಿ ನೋಡುತ್ತಿತ್ತು, ಕ್ಯಾನಿನಿಂದ ಸುರಿಯುವುದು ಕಣ್ಣಾರೆ ಕಾಣಬೇಕು. ನಾನೇ ಹೋಗಿ ನೋಡಿ ಬಂದೆ. ಮೂಗು ಮೇಲೆತ್ತಿ ನಿಂತ ಠೀವಿ ನೋಡಿದರೆ ತಹಸೀಲ್ದಾರರ ಮನೆಯ ಎಮ್ಮೆ ಅನ್ನಬೇಕು. ಎದುರು ಮನೆಯವನು 'ಫಿಲ್ಟರ್ ಎಮ್ಮಿ ಹಾಲು' ಅಂತ ಓಣಿಯಲ್ಲಿ ಸಾರಿ ಹಾಲು ಮಾರತೊಡಗಿದ. ಡೇರಿಗೆ ಹೋಗುತ್ತಿದ್ದವರೆಲ್ಲ ಇವನ ಮನೆ ಮುಂದೆ ತಂಬಿಗೆ ಹಿಡಿದು ನಿಂತರು.

ಒಂದು ಮದುವೆಗೆ ಅಂತ ಆ ಕುಟುಂಬ ಊರಿಗೆ ಬಂತು. ತಮ್ಮ ಮನೆಯ ಮೆಟ್ಟಿಲು ಹತ್ತಲು ಅವರಿಗೆ ಜಾಗವಿರಲಿಲ್ಲ. ತಿಂಗಳು ತಿಂಗಳು ಫೋನಿನಿಂದ ಕಡಿತವಾಗುತ್ತಿದ್ದ ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ಅವರಿಗೆ ಆಗ ತಿಳಿಯಿತು. ಅವರು ಮಕ್ತಲ್‌ಗೆ ಬರಲಿಲ್ಲ. ಗ್ರಾಹಕರ ಫಿರ್ಯಾದಿ ನೋಡುವ ಕಚೇರಿಗೆ ನೆಟ್ಟಗೆ ಹೋಗಿ ಅರ್ಜಿ ಕೊಟ್ಟರು. ನಮಗೆ ನೋಟೀಸು ಬಂತು.

ಮಗಳು ಓದಿ ಮುಗಿಸಿ ನೆಲದ ಮೇಲೆ ಕೂತಳು. "ಇದು ಹೀಂಗ ನಡದ್ರ ಪ್ಲಾಂಟಿಗೆ ಬೀಗ ಬೀಳ್ತೈತಿ. ಕುರೀನೂ ಹೋದ್ವು, ಪ್ಲಾಂಟೂ ಹೋತು ಅಂದ್ರ ನಾ ಏನು ಮಾಡ್ಲಿ?"

ನಾನು ಮೀಸೆ ಸರಿ ಮಾಡಿಕೊಂಡು, "ನಾ ಇರಾಗ ನೀ ಯಾಕ ಅಂಜ್ತಿ ಮಗಳ?" ಅಂದೆ.

"ನೀ ಅದೀ ಅಂತನ ಅಂಜಿಕಿ ಯಪ್ಪಾ. ಇನ್ನ ಮ್ಯಾಲ ಬಿಡಾಕ ಬಂದವರ ಮುಂದ ಬಾಯಿ ತಗೀಬ್ಯಾಡ."

ಬೀರಪ್ಪನ ಮೇಲೆ ಆಣೆ ಮಾಡಿಸಿಕೊಂಡಳು. ಆ ಕುಟುಂಬದ ಕ್ಯಾನು ಅವತ್ತೇ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಎಮ್ಮೆಯವನು ಬಂದು ನನ್ನ ಕಾಲು ಹಿಡಿದ.

"ಫಿರ್ಯಾದಿ ಮಾಡಿದವರು ಅವರು ರೀ. ನಮ್ಮ ಎಮ್ಮಿ ಯಾರಿಗೆ ಏನಂತು?"

೫. ನಡು ಹೊಳೆಯಲ್ಲಿ ಟಗರು

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಆಸುಪಾಸು, ಹತ್ತಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ. ತೆಲುಗಿನಲ್ಲೇ ಶುರು ಮಾಡಿದಳು: "ತಾತಾ, ನಾ ಕಾರ್ಡು ಆಪೆಯ್ಯಾಲಿ."

ಕಾರ್ಡು ನಿಲ್ಲಿಸಬೇಕಂತೆ. ನಾನು ಕನ್ನಡದಲ್ಲಿ ಊರು ಯಾವುದು ಅಂದೆ. ಆಕೆಯೂ ಕನ್ನಡಕ್ಕೆ ತಿರುಗಿದಳು. "ನಮ್ಮವ್ವ ಗದ್ವಾಲದ ಕನ್ನಡದಾಕಿ ತಾತಾ, ಕನ್ನಡದಾಗನ ಮಾತಾಡು. ಈಗ ನಾರಾಯಣಪೇಟ್ಯಾಗ ಇರ್ತೀನಿ. ಮನೀ ಮುಂದ ಆಟೋ ನಿಂತಾಗ ಚಹಾ ಆರೋದ್ರಾಗ ಕಾರ್ಡು ಆತು. ಬಿಡಾಕ ನೋಡು, ಕೆಲಸ ಬಿಟ್ಟು ಬಸ್ಸು ಹತ್ತಿ ಬರಬೇಕಾತು."

ಆಗಲೇ ನನಗೆ ಅನುಮಾನ ಬರಬೇಕಿತ್ತು. ಶಾಲೆಯ ಟೀಚರು ಇರಬೇಕು ಅಂದುಕೊಂಡೆ.

ಆಣೆ ನೆನಪಿತ್ತು. ಬಾಯಿ ಬಿಗಿ ಹಿಡಿದು ಅಳಿಯನನ್ನು ಕರೆಯಲು ಕೈ ಎತ್ತಿದೆ. ಆಕೆ ತಡವಾಯಿತು ಅಂತ ಎದ್ದು ನಿಂತು ಕೊಡೆ ಝಾಡಿಸಿದಳು. ಎದ್ದು ನಿಂತು ಝಾಡಿಸಿದ ಗಿರಾಕಿಯ ಮುಂದೆ ಬಾಯಿ ಮುಚ್ಚಿಕೊಂಡಿರಲು ಬೀರಪ್ಪನಿಂದಲೂ ಆಗಲಿಕ್ಕಿಲ್ಲ.

"ಕೂಡವ್ವ. ನಮ್ಮ ಟಗರಿಗೂ ನಿನ್ನಂಗ ಅವಸರ ಇತ್ತು."

"ಯಾವ ಟಗರು?"

ಕೃಷ್ಣೆಗೆ ಮಹಾಪೂರ ಬಂದ ವರ್ಷ. ಗದ್ವಾಲ ಕಡೆಯ ಒಂದು ಹಳ್ಳಿಗೆ ಬೀರಪ್ಪನ ಹಬ್ಬಕ್ಕೆ ನಾನೊಂದು ಟಗರು ಮುಟ್ಟಿಸಬೇಕಿತ್ತು. ಎಂಥ ಟಗರು? ಅದರ ಒಂದು ಕೊಂಬಿನ ಮೇಲೆ ಕ್ಷೌರದವನು ಕೂತು, ಇನ್ನೊಂದು ಕೊಂಬಿನ ಮೇಲೆ ಕೂತವನ ಗಡ್ಡ ಹೆರೆಯಬಹುದಿತ್ತು. ಸೇತುವೆ ಬಂದ್, ಹರಿಗೋಲಿನವನು ಒಲ್ಲೆ ಅಂದ. ಟಗರು ನೀರಿನ ತನಕ ಹೋಗಿ, ಹೊರಳಿ ನನ್ನನ್ನು ನೋಡಿತು. 'ನಾ ಹೊಂಟೆ, ನೀ ಬರ್ತಿಯೋ ಇಲ್ಲೇ ಇರ್ತಿಯೋ' ಅನ್ನುವ ನೋಟ. ಕೊಂಬು ಹಿಡಿದು ಬೆನ್ನಿಗೆ ಜೋತುಬಿದ್ದೆ.

ಆಕೆ ಕೂತಳು. ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ನಡು ಹೊಳೆಗೆ ಬಂದೆವು. ನೀರು ಸೀಳಿಕೊಂಡು ಒಂದು ಮೊಸಳೆ ಎದ್ದಿತು. ಮೂತಿ ಮಕ್ತಲ್ ಕಡೆ, ಬಾಲ ಗದ್ವಾಲ ಕಡೆ. ಬಾಯಿ ತೆರೆಯಿತು. ಒಳಗೆ ನೋಡಿದರೆ ಒಬ್ಬ ಕಂಡಕ್ಟರನ ಚರ್ಮದ ಚೀಲ ಹಲ್ಲಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ನಾನು ಮೈಲಾರಲಿಂಗನನ್ನು ನೆನೆದೆ. ಟಗರು ಯಾರನ್ನೂ ನೆನೆಯಲಿಲ್ಲ. ಮೊಸಳೆಯ ಕಣ್ಣಲ್ಲಿ ಕಣ್ಣಿಟ್ಟು, ಗುದ್ದುವ ಮೊದಲು ಟಗರು ಸರಿಯುತ್ತದಲ್ಲ, ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯಿತು...

"ನಿಲ್ಲು ತಾತಾ. ಕಾಲಿಗೆ ನೆಲ ಸಿಗದ ನೀರಾಗ ಟಗರು ಹಿಂದಕ್ಕ ಹೆಂಗ ಸರೀತು?"

"ಅಲ್ಲೇ ಐತಿ ನೋಡವ್ವ ಮಜಾ..."

ಅಷ್ಟರಲ್ಲಿ ಆಕೆ ಗೋಡೆಯ ಗಡಿಯಾರ ನೋಡಿ ಬೆಚ್ಚಿದಳು. ಚೀಲಕ್ಕೆ ಕೈ ಹಾಕಿ ಒಂದು ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ನನಗೆ ಓದಲು ಬರುವುದಿಲ್ಲ, ಆದರೆ ಒಳಗಿನಿಂದ ಬಂದ ಅಳಿಯ ಅದನ್ನು ಓದಿದ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು. ಫಿರ್ಯಾದಿ ತನಿಖೆಗೆ ಬಂದ ಮೇಡಂ. ನಾವು ಹೇಗೆ ಸೇರಿಸುತ್ತೇವೆ, ಹೇಗೆ ಬಿಡುತ್ತೇವೆ ಅಂತ ತಾವೇ ಗಿರಾಕಿಯಾಗಿ ನೋಡಲು ಬಂದಿದ್ದರು. ಜೀಪು ಹುಣಸೆ ಗಿಡದ ಹಿಂದೆ ನಿಂತಿತ್ತು.

ಮಗಳು ಓಡಿ ಬಂದಳು. "ಮೇಡಂ, ಪ್ಲಾಂಟು ಮುಚ್ಚಸಬ್ಯಾಡ್ರಿ. ನನ್ನ ಕುರಿ ಎಲ್ಲಾ ಇದರಾಗ ಹಾಕೀನಿ."

"ಮುಚ್ಚಸಾಕ ಬಂದಿಲ್ಲಮ್ಮ. ಮೊದಲು ಕೇಳು." ಮೇಡಂ ಅಳಿಯನ ಕಡೆ ತಿರುಗಿದರು. "ಫೋನಿನಾಗ ಸೇರಿಸಿದ್ರ ಫೋನಿನಾಗ ಬಿಡಬೇಕು, ಸೇರೋದು ಎಷ್ಟು ಹಗುರೋ ಬಿಡೋದೂ ಅಷ್ಟ ಹಗುರ ಇರಬೇಕು. ಪುಕ್ಕಟೆ ತಿಂಗಳು ಮುಗದ ಮ್ಯಾಲ ಗಿರಾಕಿ ಸುಮ್ಮನಿದ್ರ ಹೂಂ ಅಲ್ಲ. ಬಾಯಿಬಿಟ್ಟು ಅನ್ನಬೇಕು. ಪ್ರತಿ ಸಲ ದುಡ್ಡು ಕಡಿಯೋ ಮೊದಲು ಮೆಸೇಜು ಕಳಸು, ಬ್ಯಾಡಂದ್ರ ಅಲ್ಲೇ ನಿಲ್ಲಿಸು. ರಾಯಚೂರಿಗೆ ಹೋದವರ ದುಡ್ಡು ತಿರುಗಿ ಕೊಡು. ಇಷ್ಟು ಮಾಡಿದ್ರ ಫಿರ್ಯಾದಿ ಮುಗೀತೈತಿ. ಮಾಡಲಿಲ್ಲಂದ್ರ ಪ್ಲಾಂಟು ಉಳಿಯಂಗಿಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಮತ್ತ ಬಿಡ್ತೀನಿ ಅಂದವರನ್ನ ಮಾತಿನಾಗ ಹಿಡದು ಕೂಡಿಸಬಾರದು."

"ಎದ್ದು ಹೋಗೋರನ್ನ ಕರೀಲಿಲ್ಲಂದ್ರ ನಮ್ಮ ಸಂತ್ಯಾಗ ಅವಮಾನ ಮೇಡಂ."

"ನಾ ಕುರಿ ಕೊಳ್ಳಾಕ ಬಂದಿಲ್ಲ ತಾತಾ."

ಅಳಿಯ ಎಲ್ಲದಕ್ಕೂ ಒಪ್ಪಿದ. ಬರೆದು ಸಹಿ ಹಾಕಿದ. ರಾಯಚೂರಿನವರ ದುಡ್ಡು ಅಲ್ಲೇ ಕಳಿಸಿದ. ಬಿಡುವವರಿಗೂ ಫೋನಿನಲ್ಲಿ ದಾರಿ ಮಾಡಿದ. ಮೊದಲು ಮೇಡಂ ಅವರದೇ ಕಾರ್ಡು ಬಂದ್ ಆಯಿತು.

ಮೇಡಂ ಎದ್ದರು. ಕೊಡೆ ಝಾಡಿಸಿದರು. ಮೆಟ್ಟಿಲಿಳಿದರು. ನಾನು ಟವೆಲ್ಲಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಕೂತೆ. ಜೀಪು ನಾರಾಯಣಪೇಟೆ ಕಡೆ ಹೊರಟಿತು.

"ಯಪ್ಪಾ, ಉಸುರಾಡು" ಅಂದಳು ಮಗಳು.

ಜೀಪು ರಸ್ತೆಯ ತಿರುವಿನ ತನಕ ಹೋಯಿತು, ನಿಂತಿತು. ಹಾಗೇ ಹಿಂದಕ್ಕೆ ಬರತೊಡಗಿತು. ನಮ್ಮ ಮೆಟ್ಟಿಲ ಮುಂದೆ ನಿಂತು, ಮೇಡಂ ತಲೆ ಹೊರಗೆ ಹಾಕಿದರು.

"ತಾತಾ, ಆ ಟಗರು ಹಿಂದಕ್ಕ ಹೆಂಗ ಸರೀತು?"

ನಾನು ಬಾಯಲ್ಲಿದ್ದ ಟವೆಲ್ಲು ತೋರಿಸಿದೆ.

ಅಳಿಯ ಕೈ ಜೋಡಿಸಿದ. "ಮೇಡಂ, ಬಿಟ್ಟ ಗಿರಾಕೀನ ಮಾತಿನಾಗ ಹಿಡೀಬಾರದು ಅಂತ ಈಗಿನ್ನ ಬರಸ್ಕೊಂಡೀರಿ. ಮಾವಾರು ಬಾಯಿ ತಗದ್ರ ನಮ್ಮ ಮ್ಯಾಲ ಇನ್ನೊಂದು ಫಿರ್ಯಾದಿ ಬರ್ತೈತಿ."

"ನಾನಾಗಿ ಕೇಳಾಕತ್ತೀನಿ."

ನಾನು ಟವೆಲ್ಲು ತೆಗೆದೆ. "ಗಿರಾಕಿ ಆಗಿ ಕೇಳಿದ್ರ ಹೇಳಬಹುದು ಮೇಡಂ. ಬಿಟ್ಟವರಿಗೆ ಹೇಳಾಕ ಕಾಯ್ದೆ ಅಡ್ಡ ಬರ್ತೈತಿ."

ಜೀಪಿನ ಡ್ರೈವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಮೇಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು, ಇಳಿದು ಬಂದು ಫೋನು ತೆಗೆದು ಅಂಗಳದಲ್ಲಿ ನಿಂತಿದ್ದ ಆಟೋದ ಚೀಟಿಗೆ ಹಿಡಿದರು. ಅಳಿಯ ಹೆದರುತ್ತ ಹೆದರುತ್ತ, "ಮೇಡಂ, ಬಾಯಿಬಿಟ್ಟು ಅನ್ನಬೇಕಂತ..." ಅಂದ.

"ಹೂಂ" ಅಂದರು ಮೇಡಂ.

"ಹೂಂ" ಅಂದ ಡ್ರೈವರೂ, ಅವನನ್ನು ಯಾರೂ ಕೇಳಿರಲಿಲ್ಲ.

ಆಗ ಹೇಳಿದೆ. ಟಗರಿನ ಹಿಂಗಾಲಿನ ಕೆಳಗೆ ಒಂದು ಬಾಳೆ ಮೀನು ಬಂದಿತ್ತು, ಆನೆಯ ಬೆನ್ನಿನಷ್ಟು ಅಗಲ. ಅದರ ಮೇಲೆ ಕಾಲೂರಿ ಟಗರು ಗುದ್ದಲು ಹಾರಿತು. ಮೊಸಳೆ ಬಾಯಿ ಇನ್ನೂ ಅಗಲ ಮಾಡಿತು. ಟಗರು ಗಾಳಿಯಲ್ಲಿತ್ತು, ನಾನು ಟಗರಿನ ಮೇಲಿದ್ದೆ. ಅಷ್ಟಕ್ಕೆ ಮೇಡಂಗೆ ದೊಡ್ಡ ಸಾಹೇಬರ ಫೋನು ಬಂತು. "ಉಳಿದಿದ್ದು ಆಮ್ಯಾಲ" ಅಂತ ಹೇಳಿ ಹೊರಟರು. ಅವತ್ತು ನಾನು ಕೂಗಲಿಲ್ಲ, ಕೂಗುವ ಅಗತ್ಯವೂ ಇರಲಿಲ್ಲ.

ತಿಂಗಳು ತುಂಬುವ ಮೊದಲು ಅಳಿಯ ಕಾಯ್ದೆ ಪ್ರಕಾರ ಎಲ್ಲರಿಗೂ ಮೆಸೇಜು ಕಳಿಸಿದ: ನಾಳೆ ದುಡ್ಡು ಕಡಿತದ ದಿನ, ಬೇಕಾದರೆ ಹೂಂ ಅನ್ನಿ, ಬೇಡವಾದರೆ ಈಗಲೇ ತಿಳಿಸಿ. ಮಗಳು ಅವತ್ತು ಊಟ ಮಾಡಲಿಲ್ಲ, ಫೋನು ಹಿಡಿದುಕೊಂಡೇ ಕೂತಿದ್ದಳು. ಕೆಲವರು ಬಿಟ್ಟರು. ಬಹಳ ಜನ ಉಳಿದರು. ಬೇಕಾದಾಗ ಬಿಡಬಹುದು ಅಂತ ಗೊತ್ತಾಗಿ ಹೊಸಬರೂ ಸೇರಿದರು. ಪ್ಲಾಂಟು ನಿಲ್ಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅವಳು ತಾಟು ತೆಗೆದುಕೊಂಡು ಕೂತಳು. ಆಗ ಮೇಡಂ ಅವರ ಉತ್ತರ ಬಂತು. ಮಗಳು ತುತ್ತು ಕೈಯಲ್ಲೇ ಹಿಡಿದು ಓದಿದಳು: "ಕಡಿತ ಮಾಡ್ರಿ. ಮೊಸಳಿ ಬಾಯಿ ಮುಚ್ಚಿತೋ ಇಲ್ಲೋ ತಾತನ್ನ ಕೇಳಿ ತಿಳಸ್ರಿ."

"ಏನು ಬರೀಲಿ ಯಪ್ಪಾ?"

"ಇನ್ನೂ ತಗದ ಐತಿ ಅಂತ ಬರಿ."

ಅಳಿಯ ಈಗ ಗದ್ವಾಲದಲ್ಲಿ ಎರಡನೇ ಪ್ಲಾಂಟಿಗೆ ಜಾಗ ನೋಡಿ ಬಂದಿದ್ದಾನೆ. ಅದರ ಮೋಟಾರು ತಿರುಗುವ ತನಕ ಗಿರಾಕಿ ಬಿಡಬಾರದು, ಹಾಗಾಗಿ ಆ ಟಗರು ಗಾಳಿಯಲ್ಲೇ ಇರಬೇಕಾಗುತ್ತದೆ. ಅದರ ಬೆನ್ನಿನ ಮೇಲೆ ಕೂತು ಕೂತು ನನ್ನ ಮೊಣಕಾಲು ಹಿಡಿದುಕೊಂಡಿವೆ ಅಂತ ನಾನು ಯಾರಿಗೂ ಹೇಳಿಲ್ಲ.